ಅಕ್ಕನಿಗೆ ನಾನು ಕೊಟ್ಟ ಅಂಕ

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾನು ಹುಟ್ಟಿದಾಗ ಅವಳು ಮೂರನೇ ಕ್ಲಾಸಿನಲ್ಲಿದ್ದಳು. ಬಾಣಂತನ ಮುಗಿಸಿದ ಅಮ್ಮ ಮತ್ತೆ ಮೀನಿನ ಬುಟ್ಟಿ ಹೊತ್ತು ಹೊರಟಾಗ, ಕೂಸನ್ನು ನೋಡಿಕೊಳ್ಳಲೆಂದು ಅಕ್ಕನನ್ನು ಶಾಲೆ ಬಿಡಿಸಿದರು. ಯಾಕೆ ಬಿಡಿಸಿದಿರಿ ಎಂದು ಕೇಳಲು ಶಾಲೆಯಿಂದ ಯಾರೂ ಬರಲಿಲ್ಲ. ಅಪ್ಪನೇ ಹೋಗಿ ಹೇಳಿದಾಗ ಮಾಸ್ತರರು, "ಹೋಗಲಿ ಬಿಡಿ, ಅವಳ ತಲೆಗೆ ಹೇಗೂ ಹತ್ತುವುದಿಲ್ಲ" ಎಂದರಂತೆ. ಬೈಂದೂರಿನ ಹತ್ತಿರ, ಕಡಲ ಬದಿಯ ನಮ್ಮ ಮನೆಯಲ್ಲಿ ಆ ಮಾತು ಹಾಗೆಯೇ ಉಳಿದುಬಿಟ್ಟಿತು. ಅಕ್ಕ ಹೆಡ್ಡಿ, ತಂಗಿ ಬುದ್ಧಿವಂತೆ. ಅಕ್ಕನೂ ಅದನ್ನು ನಂಬಿದ್ದಳು.

ಅಮ್ಮನ ಮೊಣಕಾಲು ಸೋತ ಮೇಲೆ ಬುಟ್ಟಿ ಅಕ್ಕನ ತಲೆಗೆ ಬಂತು. ದಿನಾ ನಲವತ್ತು ಮನೆ. ಯಾರ ಮನೆಯಲ್ಲಿ ಸೋಮವಾರ ಮೀನಿಲ್ಲ, ಯಾರ ಮನೆಯ ಅಜ್ಜಿಗೆ ಬಂಗುಡೆ ಆಗುವುದಿಲ್ಲ, ಯಾವ ಸೊಸೆ ಬಸುರಿ, ಯಾರಿಗೆ ಸೂತಕ, ಇವೆಲ್ಲ ಅವಳ ತಲೆಯಲ್ಲೇ ಇರುತ್ತಿದ್ದವು. ಬರೆದಿಡಲು ಅವಳಿಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಬುಟ್ಟಿ ತುಂಬುವಾಗಲೇ ಯಾವ ಮೀನು ಯಾವ ಬಾಗಿಲಿಗೆಂದು ತೀರ್ಮಾನವಾಗಿರುತ್ತಿತ್ತು. ಮೊದಲ ಮನೆಯ ಮೀನು ಮೇಲೆ, ಕೊನೆಯ ಮನೆಯದು ಅಡಿಯಲ್ಲಿ. ಮೀನಿನ ಕಿವಿರನ್ನು ಬೆರಳಿನಿಂದ ಒಮ್ಮೆ ಎತ್ತಿ ನೋಡಿದರೆ ಸಾಕು, ಅದು ಇಂದಿನದೋ ನಿನ್ನೆಯದೋ ಹೇಳಿಬಿಡುತ್ತಿದ್ದಳು. ಅದನ್ನು ಬುದ್ಧಿ ಎಂದು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ನಾನು ಬಿ.ಎಡ್. ಮಾಡುವಾಗ ಒಬ್ಬರ ಬುದ್ಧಿಮತ್ತೆಯನ್ನು ಅಳೆದು ಪ್ರಾಯೋಗಿಕ ಪುಸ್ತಕದಲ್ಲಿ ಬರೆಯಬೇಕಿತ್ತು. ಕಾಲೇಜಿನಿಂದ ಚಿತ್ರದ ಕಾರ್ಡುಗಳನ್ನೂ ಬಣ್ಣದ ಮರದ ತುಂಡುಗಳನ್ನೂ ಕೊಟ್ಟಿದ್ದರು. ಹೈಸ್ಕೂಲಿನಿಂದಲೇ ಹಾಸ್ಟೆಲಿನಲ್ಲಿದ್ದ ನಾನು ರಜೆಗೆ ಮನೆಗೆ ಬಂದವಳು, ಬೇರೆಯವರನ್ನು ಹುಡುಕುವ ಗೋಜು ಬೇಡವೆಂದು ಅಕ್ಕನನ್ನೇ ಕೇಳಿದೆ. ಅವಳು ಮೀನು ಮಾರಿ ಬಂದು, ಮಿಂದು, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಬಂದಳು.

"ಇದೆಂತಕೆ ಈ ಸೀರೆ?" ಎಂದೆ.

"ಪರೀಕ್ಷೆ ಅಂದ್ರೆ ಹ್ಯಾಂಗಿದ್ರೂ ಆತ್ತಾ?" ಎಂದು ಚಾಪೆಯ ಮೇಲೆ ನೆಟ್ಟಗೆ ಕುಳಿತಳು.

ನಾಲ್ಕು ಚಿತ್ರಗಳಲ್ಲಿ ಗುಂಪಿಗೆ ಸೇರದ್ದನ್ನು ಹೇಳಬೇಕಿತ್ತು. ಮೀನು, ಕಾಗೆ, ಗಿಳಿ, ಕತ್ತಿ. ಅಕ್ಕ ಗಿಳಿಯ ಮೇಲೆ ಬೆರಳಿಟ್ಟಳು. ಯಾಕೆಂದು ಕೇಳಿದೆ.

"ಮೀನ್ ಕೊಯ್ಯುಕೆ ಕತ್ತಿ ಬೇಕ್. ಕೊಯ್ವತಿಗೆ ಕಾಕಿ ಬತ್ತ್. ಗಿಳಿಗ್ ಅಲ್ಲೆಂತ ಕೆಲ್ಸ?"

ಕೈಪಿಡಿಯಲ್ಲಿ ಉತ್ತರ ಕತ್ತಿ ಎಂದಿತ್ತು, ಜೀವವಿಲ್ಲದ ವಸ್ತು. ನಾನು ಸೊನ್ನೆ ಹಾಕಿದೆ. ಮರದ ತುಂಡುಗಳನ್ನು ಜೋಡಿಸಲು ಅವಳು ತುಂಬಾ ಹೊತ್ತು ತೆಗೆದುಕೊಂಡಳು. ನಾನು ಗಡಿಯಾರ ಹಿಡಿದು ಕುಳಿತದ್ದನ್ನು ನೋಡಿ ಅವಳ ಬೆರಳುಗಳು ಗಡಿಬಿಡಿಗೊಳ್ಳುತ್ತಿದ್ದವು. ಎಲ್ಲ ಕೂಡಿಸಿ, ಪಟ್ಟಿಯಲ್ಲಿ ನೋಡಿ, 'ಸಾಮಾನ್ಯಕ್ಕಿಂತ ಕಡಿಮೆ' ಎಂದು ಬರೆದೆ.

"ಎಂತ ಬಂತ್?" ಎಂದು ಕೇಳಿದಳು.

ನನಗಾಗ ಇಪ್ಪತ್ತೆರಡು ವರ್ಷ. ಸುಳ್ಳು ಹೇಳಬಾರದು ಎಂಬುದೊಂದೇ ಗೊತ್ತಿತ್ತು.

"ಕಮ್ಮಿ ಬಂತಕ್ಕ."

ಅವಳು ಬೇಸರ ಮಾಡಿಕೊಳ್ಳಲಿಲ್ಲ. ತಲೆಯಾಡಿಸಿ, "ಮಾಷ್ಟ್ರ್ ಹೇಳ್ದದ್ದ್ ಸಮ ಇತ್ತ್ ಹಾಂಗಾರೆ" ಎಂದಳು. ಸೀರೆ ಬದಲಿಸಿ ಅಡುಗೆಗೆ ಹೋದಳು. ನನ್ನ ಪುಸ್ತಕಕ್ಕೆ ಒಳ್ಳೆಯ ಅಂಕ ಬಂತು.

ಕೋಟದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮದುವೆಯಾಗಿ ಬ್ರಹ್ಮಾವರಕ್ಕೆ ಬಂದೆ. ಬಹಳ ವರ್ಷಗಳ ನಂತರ ಶಿಕ್ಷಕರ ತರಬೇತಿಯೊಂದರಲ್ಲಿ ಮನಸ್ಸಿನ ಬಗ್ಗೆ ಒಬ್ಬರು ಪಾಠ ಮಾಡಿದರು. ಹೊಸ ಸಮಸ್ಯೆಯನ್ನು ಚಟ್ಟನೆ ಬಿಡಿಸುವ ಚುರುಕು ಹರೆಯದಲ್ಲಿ ಹೆಚ್ಚು, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಬದುಕಿ ಕಲಿತದ್ದು ಮಾತ್ರ ವಯಸ್ಸಿನೊಂದಿಗೆ ಕೂಡುತ್ತಾ ಹೋಗುತ್ತದೆ, ಮುಪ್ಪಿನವರೆಗೂ ಉಳಿಯುತ್ತದೆ ಎಂದರು. ಶಾಲೆ ಕಾಣದವರನ್ನು ಶಾಲೆಯ ಪ್ರಶ್ನೆಗಳಿಂದ ಅಳೆದರೆ ಸಿಗುವುದು ಅವರ ಬುದ್ಧಿಯಲ್ಲ, ಅವರಿಗೆ ಸಿಗದ ಶಾಲೆ ಎಂದೂ ಹೇಳಿದರು. ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಅಂದು ಸಂಜೆಯೇ ಬಸ್ಸು ಹತ್ತಿ ಅಕ್ಕನಿಗೆ ಹೇಳಿಬರಬೇಕಿತ್ತು. ಮುಂದಿನ ರಜೆಯಲ್ಲಿ ಹೇಳಿದರಾಯಿತು ಅಂದುಕೊಂಡೆ. ರಜೆಗಳು ಬಂದವು, ಹೋದವು.

ಮೂರು ವರ್ಷದ ಹಿಂದೆ ಅಕ್ಕನ ಜೊತೆ ಮೀನು ಮಾರುವ ಹೆಂಗಸೊಬ್ಬಳು ಫೋನ್ ಮಾಡಿದಳು. "ಟೀಚರೇ, ನಿಮ್ಮ ಅಕ್ಕ ಇವತ್ತ್ ಕೊಳ್ತದ್ ಮೀನ್ ಬುಟ್ಟಿಗ್ ತುಂಬ್ಸ್ಕಂಡ್ರ್. ನಾ ಹೇಳ್ರೂ ಗೊತ್ತಾಯ್ಲ. ಒಂದ್ಸಲ ಬಂದ್ ಕಾಣಿ" ಎಂದಳು. ಉಳಿದವರಿಗೆ ಅದು ಸಣ್ಣ ವಿಷಯ. ನಾನು ಅಂದು ಸಂಜೆಯೇ ಬಸ್ಸು ಹತ್ತಿದೆ.

ಅಕ್ಕನ ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ನಾನೇ ಅವಳನ್ನು ಕುಂದಾಪುರದ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವರು. ಇವತ್ತು ಯಾವ ವಾರ, ಇದು ಯಾವ ಊರು, ಈ ಮೂರು ಶಬ್ದ ನೆನಪಿಟ್ಟುಕೊಳ್ಳಿ, ಗಡಿಯಾರದ ಚಿತ್ರ ಬರೆಯಿರಿ, ಹೀಗೆ ಒಂದೊಂದೇ ಕೇಳಿದರು. ಅಕ್ಕ ಕೆಲವಕ್ಕೆ ಉತ್ತರ ಕೊಟ್ಟಳು, ಕೆಲವಕ್ಕೆ ನಕ್ಕಳು. ಡಾಕ್ಟರು ಕೂಡಿಸಿ ನೋಡಿ, "ಮೂರನೇ ಕ್ಲಾಸ್ ಓದಿದವರಿಗೆ ಇಷ್ಟು ಬಂದರೆ ತೊಂದರೆ ಇಲ್ಲ. ವಯಸ್ಸಿನ ಮರೆವು" ಎಂದರು.

ಅಕ್ಕನಿಂದ ಯಾರೂ ಹೆಚ್ಚು ನಿರೀಕ್ಷಿಸಿರಲಿಲ್ಲ. ಆದ್ದರಿಂದ ಅವಳು ಎಷ್ಟು ಕಳೆದುಕೊಂಡಳೆಂಬುದೂ ಆ ಹಾಳೆಯಲ್ಲಿ ಕಾಣಲಿಲ್ಲ. ನಾನು ನಲವತ್ತು ಮನೆಗಳ ವಿಷಯ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಧ್ವನಿ ಏರಿತು. ಡಾಕ್ಟರು ಪೆನ್ನು ಕೆಳಗಿಟ್ಟು ಅಕ್ಕನ ಕಡೆ ತಿರುಗಿ, "ಅಮ್ಮಾ, ನೀವು ಮೀನು ಕೊಡುವ ಮನೆಗಳನ್ನು ಒಂದೊಂದಾಗಿ ಹೇಳಿ ನೋಡುವ" ಎಂದರು.

ಅಕ್ಕ ಕುರ್ಚಿಯಿಂದ ಎದ್ದು ನಿಂತಳು. ಕೂತು ಹೇಳುವುದು ಅವಳಿಗೆ ಬರಲಿಲ್ಲವೆಂದು ತೋರುತ್ತದೆ. ಬುಟ್ಟಿ ಹಿಡಿದವಳಂತೆ ಒಂದು ಕೈ ತಲೆಯ ಹತ್ತಿರ ಹೋಯಿತು. ಬಾವಿಕಟ್ಟೆಯ ಮನೆ, ಟೈಲರ ಮನೆ, ಎರಡು ನಾಯಿಯ ಮನೆ. ಐದನೆಯ ಮನೆಯವರೆಗೆ ಸರಿಯಾಗಿ ಹೋದಳು. ಆಮೇಲೆ ಆ ಕೋಣೆಯಲ್ಲೇ ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ನನ್ನನ್ನು ನೋಡಿ, "ಇಲ್ಲಿಂದ ಎತ್ಲಾಗ್ ಹೋಯ್ಕ್ ಹೆಣೆ?" ಎಂದಳು.

ನನಗೆ ಗೊತ್ತಿರಲಿಲ್ಲ. ಅವಳ ದಾರಿಯಲ್ಲಿ ನಾನು ಒಂದು ದಿನವೂ ನಡೆದಿರಲಿಲ್ಲ.

ಆಮೇಲೆ ಸ್ಕ್ಯಾನ್ ಆಯಿತು, ಕಾಯಿಲೆಗೆ ಹೆಸರೂ ಸಿಕ್ಕಿತು. ಗುಣವಾಗುವಂಥದ್ದಲ್ಲ ಎಂದು ಡಾಕ್ಟರು ನಿಧಾನವಾಗಿ ತಿಳಿಸಿಹೇಳಿದರು. ಅಕ್ಕನನ್ನು ಬ್ರಹ್ಮಾವರಕ್ಕೆ ಕರೆತಂದೆ. ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತಾ, "ಅಕ್ಕ, ಆವತ್ತ್ ನಾ ನಿಂಗ್ ಕೊಟ್ಟ ಅಂಕ ತಪ್ಪ್. ಗಿಳಿ ಅಂದದ್ದೇ ಸಮ" ಎಂದೆ. "ಯಾವ ಗಿಳಿ?" ಎಂದು ಕಿಟಕಿಯಾಚೆ ಹುಡುಕಿದಳು. ನಾನು ಬಾಚಿ ಮುಗಿಸಿ ತುರುಬು ಕಟ್ಟಿದೆ.

ಆಸ್ಪತ್ರೆಗೆ ಆರು ತಿಂಗಳಿಗೊಮ್ಮೆ ಹೋಗುತ್ತೇವೆ. ಪ್ರತಿಸಲ ಅಂಕ ಇಳಿಯುತ್ತದೆ. ಕಳೆದ ತಿಂಗಳು ಡಾಕ್ಟರು ಪ್ರಶ್ನೆಯ ಹಾಳೆ ತೆಗೆಯಲೇ ಇಲ್ಲ; ಅವಳ ಕೈ ಹಿಡಿದು ಊಟ, ನಿದ್ದೆ ವಿಚಾರಿಸಿ ಕಳಿಸಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳನ್ನು ಕಿಟಕಿ ಬದಿಗೆ ಕೂರಿಸಿದೆ. ಕುಂಭಾಶಿ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿ, ಹೊಸಬರೊಡನೆ ಮಾತಾಡುವ ಮರ್ಯಾದೆಯಲ್ಲಿ, "ನಿಮ್ದ್ ಯಾವ ಊರ್?" ಎಂದು ಕೇಳಿದಳು.

ನಮ್ಮೂರಿನ ಹೆಸರು ಹೇಳಿದೆ.

"ನಮ್ದೂ ಅದೇ ಊರ್" ಎಂದಳು. ಮುಖ ಅರಳಿತು. "ನಿಮ್ಮನ್ ಕಂಡ ನೆನಪಿಲ್ಲ."

"ನಾ ಓದುಕೆ ಅಂದೇಳಿ ಸಣ್ಣತಿಗೇ ಊರ್ ಬಿಟ್ಟೆ."

"ಹಾಂಗಾರೆ ಗೊತ್ತಾಪ್ದ್ ಹ್ಯಾಂಗೆ?" ಎಂದು ಸಮಾಧಾನಪಟ್ಟುಕೊಂಡು, ನನಗೆ ಇಕ್ಕಟ್ಟಾಗದಿರಲೆಂದು ಸ್ವಲ್ಪ ಸರಿದು ಜಾಗ ಬಿಟ್ಟಳು.