ಗ್ರೀಸಕ್ಕ ಬಾನೆಟ್ ತೆರೆಯದೆ ಕೂತ ದಿನ

ಗಾಡಿ ರಿಪೇರಿಯ ಶೆಡ್ಡಿಗೆ ಬರುವವರೆಲ್ಲ ಅವಳನ್ನು ಗ್ರೀಸಕ್ಕ ಎಂದೇ ಕರೆಯುತ್ತಿದ್ದರು. ಮೊದಮೊದಲು ಅದು ಬೆನ್ನ ಹಿಂದಿನ ತಮಾಷೆಯಾಗಿತ್ತು. ಒಂದು ದಿನ ಅವಳ ಕಿವಿಗೆ ಬಿತ್ತು. ಕರೆದವನ ಎದುರಿಗೇ ಹೋಗಿ ನಿಂತು, "ಕರೆಯೋದಾದ್ರೆ ಜೋರಾಗಿ ಕರೀರಿ, ಈ ಗದ್ದಲದಲ್ಲಿ ಕೇಳಿಸಲ್ಲ," ಎಂದಳು. ಅಲ್ಲಿಗೆ ತಮಾಷೆ ಸತ್ತು ಹೆಸರು ಉಳಿಯಿತು.

ಮದುವೆಯಾಗಿ ಬಂದಾಗ ಅವಳಿಗೆ ಯಂತ್ರದ ಗಂಧಗಾಳಿ ಇರಲಿಲ್ಲ ಎಂದು ಗಂಡನ ಅಣ್ಣ, ಅವಳ ಭಾವ, ಹೇಳುತ್ತಿದ್ದ. ಅದು ಶುದ್ಧ ಸುಳ್ಳು. ಒಂಬತ್ತನೇ ವಯಸ್ಸಿಗೇ ಅಮ್ಮನ ಹೊಲಿಗೆ ಯಂತ್ರವನ್ನು ಬಿಚ್ಚಿ ಹರಡಿ, ಒದೆ ತಿಂದು, ಅಳುತ್ತಲೇ ಮತ್ತೆ ಜೋಡಿಸಿದವಳು ಅವಳು. ಜೋಡಿಸಿದ ಮೇಲೆ ಎರಡು ತಿರುಪು ಮಿಕ್ಕವು. ಯಂತ್ರ ಮಾತ್ರ ಮೊದಲಿಗಿಂತ ಚೆನ್ನಾಗಿ ಓಡಿತು. ಅಮ್ಮ ಆ ಎರಡು ತಿರುಪಿಗಾಗಿ ಈಗಲೂ ಬೈಯುತ್ತಾಳೆ.

ಮುದ್ರಣಾಲಯದ ಗೋಡೆಗೆ ಆತುಕೊಂಡಿದ್ದ ಆ ತಗಡಿನ ಶೆಡ್ಡು ಅಣ್ಣ ತಮ್ಮ ಇಬ್ಬರದ್ದು. ತಮ್ಮ ಅವಳ ಗಂಡ. ಅಣ್ಣನನ್ನು ಬೀದಿಯೆಲ್ಲ ದೊಡ್ಡ ಮೇಸ್ತ್ರಿ ಎನ್ನುತ್ತಿತ್ತು, ಅವನೂ ಹಾಗೇ ನಡೆಯುತ್ತಿದ್ದ. ಗೇರ್‌ಬಾಕ್ಸ್ ಎತ್ತುವಾಗ ಬೆನ್ನು ಹಿಡಿದು ಗಂಡ ಮೂರು ತಿಂಗಳು ಹಾಸಿಗೆ ಹಿಡಿದ. ಎದ್ದ ಮೇಲೂ ಬಾಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಮೇಜಿನ ಮುಂದೆ ಕೂತು ವೈರಿಂಗ್ ಮಾತ್ರ ಮಾಡಬಹುದಿತ್ತು. ಅವನ ಪಾಲಿನ ಕೆಲಸಕ್ಕೆ ಅವಳು ಬಂದು ನಿಂತಳು. ನಾಲ್ಕು ದಿನದ ಮಾತು ಎಂದುಕೊಂಡರು ಎಲ್ಲರೂ. ಹನ್ನೊಂದು ವರ್ಷವಾಯಿತು.

ಆ ಹನ್ನೊಂದು ವರ್ಷವೂ ಭಾವನದು ಒಂದೇ ಕಟ್ಟಳೆ. ಚಕ್ರ ಬಿಚ್ಚು, ಎಣ್ಣೆ ಬದಲಿಸು, ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳಿ. ಇಂಜಿನ್ನಿನ ರೋಗ ಪತ್ತೆಹಚ್ಚುವ ಕೆಲಸ ಅವನದು. ಶೆಡ್ಡಿನ ಒಳತುದಿಯಲ್ಲಿ, ಗಾಡಿಯ ಅಡಿಗೆ ನಿಂತು ಕೆಲಸ ಮಾಡಲು ತೋಡಿದ್ದ ಕುತ್ತಿಗೆಮಟ್ಟದ ಗುಂಡಿಯೂ ಅವನದೇ. "ಇಂಜಿನ್ನು ಹೆಂಗಸರ ಮಾತು ಕೇಳಲ್ಲ," ಎನ್ನುತ್ತಿದ್ದ. ಅವಳು ಸುಮ್ಮನಿರುತ್ತಿದ್ದಳೇ? "ನಿಮ್ಮ ಮಾತು ಕೇಳುತ್ತಾ ಭಾವ?" ಎಂದು ಸೀಮೆಎಣ್ಣೆ ಬಾಣಲೆಯ ಮುಂದಿನಿಂದಲೇ ಕೂಗುತ್ತಿದ್ದಳು. ಕೂಗಿದ್ದಷ್ಟೇ ಬಂತು, ಕೈಗೆ ಮಾತ್ರ ಹನ್ನೊಂದು ವರ್ಷವೂ ಬ್ರಷ್ಷೇ.

ಅಂಥ ದಿನಗಳಲ್ಲಿ ನರ್ಸಮ್ಮನ ಹಳೇ ಕಾರು ಒಂದೇ ರೋಗ ಹೊತ್ತು ನಾಲ್ಕನೇ ಸಲ ಶೆಡ್ಡಿಗೆ ಬಂತು. ಹಾಸಿಗೆಯಿಂದ ಏಳಲಾಗದವರ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿ, ಸೂಜಿ ಚುಚ್ಚಿ ಬರುವ ಹೆಂಗಸು ಅವಳು. ಗಾಡಿ ಎಲ್ಲೆಂದರಲ್ಲಿ ಗಕ್ಕನೆ ನಿಲ್ಲುತ್ತಿತ್ತು. ದೊಡ್ಡ ಮೇಸ್ತ್ರಿ ಮೊದಲು ಪ್ಲಗ್ಗು ಬದಲಿಸಿದ, ಆಮೇಲೆ ಕಾಯಿಲ್ಲು, ಆಮೇಲೆ ಪೆಟ್ರೋಲ್ ಪಂಪು. ಪ್ರತಿ ಸಲವೂ ಚೌಕದವರೆಗೆ ಹತ್ತು ನಿಮಿಷ ಓಡಿಸಿ, "ಕುದುರೆ ಆಗಿದೆ," ಎಂದು ಬೀಗದಕೈ ಕೊಡುತ್ತಿದ್ದ. ಮಾರನೇ ದಿನವೇ ಕುದುರೆ ನಡುಬೀದಿಯಲ್ಲಿ ಮಲಗುತ್ತಿತ್ತು.

"ಒಂದು ವಿಚಿತ್ರ ನೋಡಿ," ಎಂದಳು ನರ್ಸಮ್ಮ, "ಟ್ಯಾಂಕ್ ತುಂಬಿಸಿದ ದಿನಾನೇ ಜಾಸ್ತಿ ನಿಲ್ಲುತ್ತೆ."

ದೊಡ್ಡ ಮೇಸ್ತ್ರಿ ನಕ್ಕುಬಿಟ್ಟ. "ಹೊಟ್ಟೆ ತುಂಬಿದ್ರೆ ನಿದ್ದೆ ಮಾಡೋಕೆ ಅದೇನು ನಮ್ಮ ಮಾವನಾ? ಇದನ್ನ ಮಾರಿಬಿಡಿ ಮೇಡಂ. ಇದರ ಕಾಲ ಮುಗೀತು."

ನರ್ಸಮ್ಮನ ಮುಖ ಸಣ್ಣಗಾಯಿತು. ಅದನ್ನು ಕಂಡು ಗ್ರೀಸಕ್ಕನಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಬ್ರಷ್ಷನ್ನು ಬಾಣಲೆಗೆ ಎಸೆದು ಎದ್ದು ಬಂದಳು.

"ಇದರ ರೋಗ ನಾನು ಹಿಡೀತೀನಿ. ಇವತ್ತು ಸಂಜೆಯೊಳಗೆ. ಆಗದಿದ್ರೆ ನಾಳೆಯಿಂದ ಈ ಶೆಡ್ಡಿಗೆ ಕಾಲಿಡಲ್ಲ. ಹಿಡಿದ್ರೆ ಗುಂಡಿ ನಂದು, ಇಂಜಿನ್ ಕೆಲಸಾನೂ ನಂದು."

ಭಾವ ತಮ್ಮನ ಕಡೆ ನೋಡಿದ. ತಮ್ಮ ವೈರಿನಿಂದ ಕಣ್ಣೆತ್ತಲಿಲ್ಲ. "ಒಪ್ಕೊಂಡುಬಿಡು ಅಣ್ಣ. ಸೋತು ಮನೇಲಿ ಕೂತ್ರೆ ನನಗೇ ಕಷ್ಟ, ಇರೋ ಬಾಗಿಲು ಕಿಟಕಿ ಎಲ್ಲ ಬಿಚ್ಚಿಡ್ತಾಳೆ."

"ಆಯ್ತು," ಎಂದ ಭಾವ. "ನಾಳೆ ಮನೇಲಿ ಬಿಸಿ ಊಟ ಸಿಗುತ್ತೆ ಅಂತಾಯ್ತು."

ಗ್ರೀಸಕ್ಕ ಬಾನೆಟ್ಟಿನ ಹತ್ತಿರವೂ ಸುಳಿಯಲಿಲ್ಲ. ನರ್ಸಮ್ಮನ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತು, "ಟ್ಯಾಂಕ್ ತುಂಬಿಸಿ, ನಿಮ್ಮ ಕೆಲಸಕ್ಕೆ ಹೊರಡಿ," ಎಂದಳು.

"ಏನೂ ಬಿಚ್ಚಿ ನೋಡಲ್ವಾ?"

"ನೀವು ಜ್ವರ ಇರೋವಾಗ ನೋಡ್ತೀರಾ, ಬಿಟ್ಟ ಮೇಲೆ ನೋಡ್ತೀರಾ? ಇದು ಸಾಯೋದು ರಸ್ತೇಲಿ. ಶೆಡ್ಡಲ್ಲಿ ಚೆನ್ನಾಗೇ ಇರುತ್ತೆ."

ಪೆಟ್ರೋಲ್ ತುಂಬಿಸಿ ಹೊರಟರು. ಚೌಕ ದಾಟಿತು, ಹತ್ತು ನಿಮಿಷ ದಾಟಿತು. ಇಂಜಿನ್ನಿನ ಸದ್ದಿನಲ್ಲಿ ಎಳೆಯಷ್ಟೂ ವ್ಯತ್ಯಾಸವಿಲ್ಲ. ಇಪ್ಪತ್ತಾರನೇ ನಿಮಿಷಕ್ಕೆ, ಮೇಲ್ಸೇತುವೆಯ ಏರಿನಲ್ಲಿ, ಗಾಡಿ ಎರಡು ಸಲ ಮುಗ್ಗರಿಸಿ ಸತ್ತಿತು. ಹಿಂದಿನ ಲಾರಿಯವನು ಹಾರ್ನಿನಲ್ಲೇ ಬೈದ. ಇಬ್ಬರೂ ಸೇರಿ ಬದಿಗೆ ತಳ್ಳಿದರು. ತಳ್ಳಿದ್ದೇ ತಡ, ನರ್ಸಮ್ಮ ಸೀದಾ ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದಳು.

"ತಡೀರಿ! ಅದ್ಯಾಕೆ?"

"ಪೆಟ್ರೋಲ್ ತೋರಿಸೋ ಮುಳ್ಳು ಕೆಟ್ಟು ವರ್ಷವಾಯ್ತಲ್ಲ. ನಿಂತಾಗೆಲ್ಲ ತೆಗೆದು ಇಣುಕಿ ನೋಡ್ತೀನಿ. ಇವತ್ತು ಈಗಿನ್ನೂ ತುಂಬಿಸಿದ್ದು, ಆದ್ರೂ ಕೈ ಅಲ್ಲಿಗೇ ಹೋಯ್ತು ನೋಡಿ."

"ನೋಡಿ ಮುಚ್ಚಿದ ಮೇಲೆ ಗಾಡಿ ಹೊರಡುತ್ತಾ?"

"ಹೊರಡುತ್ತೆ. ಪ್ರತಿ ಸಲಾನೂ."

ಗ್ರೀಸಕ್ಕ ಅವಳ ಕೈ ಹಿಡಿದು ತಡೆದಳು. "ಇವತ್ತು ಮುಟ್ಟಬೇಡಿ. ಕಾಯೋಣ."

ಕಾದರು. ಐದು ನಿಮಿಷದ ಮೇಲೆ ಕೀ ತಿರುಗಿಸಿದರೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಹತ್ತು ನಿಮಿಷಕ್ಕೂ ಅದೇ ಪಾಡು. ಹುಣ್ಣಿಗೆ ಪಟ್ಟಿ ಬದಲಿಸಿಕೊಳ್ಳಲು ಒಬ್ಬ ಮುದುಕ ಕಾಯುತ್ತಿದ್ದ, ನರ್ಸಮ್ಮ ಗಡಿಯಾರ ನೋಡಿ ನೋಡಿ ಚಡಪಡಿಸಿದಳು. ಗ್ರೀಸಕ್ಕನಿಗೆ ಹೆದರಿಕೆಯಾಯಿತು. ನಿಜವಾದ ಹೆದರಿಕೆ. ತನ್ನ ಎಣಿಕೆ ತಪ್ಪಾದರೆ ನಾಳೆ ಬೆಳಗ್ಗೆ ಎದ್ದು ಎಲ್ಲಿಗೂ ಹೋಗುವಂತಿಲ್ಲ. ಕಾಲು ಗಂಟೆ ಕಳೆದ ಮೇಲೆ, "ಈಗ ತೆಗೀರಿ, ನಿಧಾನಕ್ಕೆ," ಎಂದು ಮುಚ್ಚಳದ ಹತ್ತಿರ ಕಿವಿಯಿಟ್ಟಳು.

ಮುಚ್ಚಳ ಅರ್ಧ ತಿರುಗಿತೋ ಇಲ್ಲವೋ, ಟ್ಯಾಂಕು ಸುಯ್ಯೆಂದು ಉದ್ದಕ್ಕೆ ಉಸಿರೆಳೆದುಕೊಂಡಿತು. ಕೀ ತಿರುಗಿಸಿದ ಕೂಡಲೇ ಇಂಜಿನ್ ಹಿಡಿಯಿತು.

"ಪಾಪ, ಉಸಿರು ಕಟ್ಟಿದೆ ಇದಕ್ಕೆ," ಎಂದಳು ಗ್ರೀಸಕ್ಕ. "ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರ್ಬೇಕು. ಅದಕ್ಕೊಂದು ಸಣ್ಣ ಪೈಪಿದೆ, ಅದು ಮುಚ್ಚಿಹೋಗಿದೆ. ಟ್ಯಾಂಕ್ ತುಂಬಿದ್ದಾಗ ಒಳಗೆ ಗಾಳಿಗೆ ಜಾಗ ಕಮ್ಮಿ, ಅದಕ್ಕೇ ಬೇಗ ಕಟ್ಟುತ್ತೆ. ನೀವು ಹೇಳಿದ್ದು ನೂರಕ್ಕೆ ನೂರು ಸರಿ."

ಮುಚ್ಚಳ ಸಡಿಲ ಬಿಟ್ಟು ಮುದುಕನ ಮನೆಗೂ ಹೋದರು, ಮತ್ತೆರಡು ಮನೆಗೂ ಹೋದರು. ಗಾಡಿ ಒಮ್ಮೆಯೂ ನಿಲ್ಲಲಿಲ್ಲ.

ಶೆಡ್ಡಿಗೆ ಬಂದವಳೇ ಯಾರನ್ನೂ ಕೇಳದೆ ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದಳು. ಟ್ಯಾಂಕಿನ ಬದಿಯಲ್ಲಿ ಬೆರಳು ಗಾತ್ರದ ಪೈಪು. ಅದರ ಬಾಯಿ ಕಾಣುತ್ತಲೇ ಇರಲಿಲ್ಲ, ತುಕ್ಕು ಹಿಡಿಯದಂತೆ ಬಳಿಯುವ ಕಪ್ಪು ಬಣ್ಣ ಮೆತ್ತಿಕೊಂಡಿತ್ತು. ಕೆರೆದು, ಇಕ್ಕಳದಲ್ಲಿ ಹಿಡಿದೆಳೆದಳು. ಬತ್ತಿಯಂತೆ ಹೊಸೆದ ಬಟ್ಟೆ ಹೊರಬಂತು. ಪೆಟ್ರೋಲಿನಲ್ಲಿ ಜಾಲಿಸಿದರೆ ನೀಲಿ ಚೌಕುಳಿ ಕಂಡಿತು. ಶೆಡ್ಡಿನಲ್ಲಿ ಒರೆಸಲೆಂದು ಅವಳೇ ಹರಿದು ತಂದ ಹಳೇ ಹೊದಿಕೆಯ ತುಂಡು ಅದು.

ಗಾಡಿಯ ಅಡಿಭಾಗಕ್ಕೆ ಬಣ್ಣ ಹೊಡೆಯುವ ಮುಂಚೆ ತೆರೆದ ಪೈಪುಗಳಿಗೆಲ್ಲ ಬಟ್ಟೆ ತುರುಕುವುದು ಒಳ್ಳೆಯ ಮೇಸ್ತ್ರಿಯ ಪದ್ಧತಿ. ಆಮೇಲೆ ಎಲ್ಲವನ್ನೂ ನೆನಪಿಟ್ಟು ತೆಗೆಯಬೇಕು. ನಾಲ್ಕು ತಿಂಗಳ ಹಿಂದೆ ಈ ಗಾಡಿಗೆ ಬಣ್ಣ ಹೊಡೆದವನು ದೊಡ್ಡ ಮೇಸ್ತ್ರಿ. ಗಾಡಿ ನಿಲ್ಲತೊಡಗಿ ನಾಲ್ಕು ತಿಂಗಳು. ತಾನೇ ಬತ್ತಿ ತುರುಕಿ ತಾನೇ ಪಂಪು ಬದಲಿಸಿದ್ದ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ.

ಭಾವ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಬಟ್ಟೆ ನೋಡಿದ. ಅವನ ಮುಖ ಕಪ್ಪಿಟ್ಟಿತು.

"ಮೆಲ್ಲಗೆ ಮಾತಾಡು," ಎಂದ. "ಪಂಪಿನ ಪೈಪು ಸಡಿಲ ಆಗಿತ್ತು ಅಂದ್ಬಿಡು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಗುಂಡಿ ನಿಂದೇ. ನಾಳೆಯಿಂದ ಬೇಡ, ಈಗಿಂದಾನೇ. ನಾನೇ ಎಲ್ಲರಿಗೂ ಹೇಳ್ತೀನಿ."

ಸುಳ್ಳೇಕೆ, ಒಂದು ಗಳಿಗೆ ಅವಳ ಮನಸ್ಸು ಅತ್ತ ವಾಲಿತು. ಹನ್ನೊಂದು ವರ್ಷ ಕಾದದ್ದು ಬಾಯ್ತೆರೆದರೆ ಹೋಗುತ್ತದೆ, ಬಾಯಿ ಮುಚ್ಚಿದರೆ ಉಳಿಯುತ್ತದೆ. ಆದರೆ ನಾಲ್ಕು ತಿಂಗಳು ಏರಿನಲ್ಲಿ, ಬಿಸಿಲಿನಲ್ಲಿ ಗಾಡಿ ತಳ್ಳಿದ ಆ ಹೆಂಗಸನ್ನೂ ಅವಳು ಇವತ್ತು ಕಣ್ಣಾರೆ ಕಂಡಿದ್ದಳು. ಬತ್ತಿಯನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದಳು.

"ಸಿಕ್ತಾ?" ಎಂದಳು ನರ್ಸಮ್ಮ.

ಭಾವ ಮುಂದೆ ಬಂದ. "ನಮ್ಮ ಶೆಡ್ಡಲ್ಲಿ ಸಿಗದೆ ಇರುತ್ತಾ ಮೇಡಂ? ನಾವೇ ಸರಿ ಮಾಡಿದ್ವಿ."

ಗ್ರೀಸಕ್ಕ ಮುಷ್ಟಿ ಬಿಚ್ಚಿದಳು. "ಇದು ನಿಮ್ಮ ಗಾಡಿಯ ಗಂಟಲಲ್ಲಿತ್ತು. ಬಣ್ಣ ಹೊಡೆಯುವಾಗ ತುರುಕಿ ಮರೆತಿದ್ದು. ಕೆಡಿಸಿದ್ದು ನಾವು, ಮೇಡಂ. ಸರಿ ಮಾಡಿದ್ದು ನಾನು."

ನರ್ಸಮ್ಮ ದೊಡ್ಡ ಮೇಸ್ತ್ರಿಯನ್ನು ಮೇಲಿಂದ ಕೆಳಗೆ ನೋಡಿದಳು. ಬೀಗದಕೈ ತೆಗೆದುಕೊಂಡು, ಗ್ರೀಸಕ್ಕನ ಮಸಿ ಕೈಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಬಿಟ್ಟು, ಗಾಡಿ ಹತ್ತಿ ಹೋದಳು.

ಗಾಡಿ ತಿರುವು ದಾಟಿದ ಮೇಲೆ ಭಾವ ಸಿಡಿದ. "ಮನೆ ಮರ್ಯಾದೆ ಬೀದಿಗಿಟ್ಟೆ! ಗುಂಡಿ ಇಲ್ಲ, ಏನೂ ಇಲ್ಲ. ಹೋಗು, ಬಾಣಲೆ ಮುಂದೆ ಕೂತ್ಕೋ."

"ಸಂಜೆಯೊಳಗೆ ಹಿಡೀತೀನಿ ಅಂದೆ, ಹಿಡಿದೆ," ಎಂದಳು ಗ್ರೀಸಕ್ಕ. ತಿರುಗಿ ಗುಂಡಿಯ ಮೆಟ್ಟಿಲು ಇಳಿದಳು. ಈಗ ಅವಳ ತಲೆಯಷ್ಟೇ ಮೇಲೆ ಕಾಣುತ್ತಿತ್ತು. "ನನ್ನ ಎತ್ತಿ ಹಾಕ್ಬೇಕು ಅನ್ನೋರು ಇಳಿದು ಬನ್ನಿ ಭಾವ. ಇಲ್ಲಾಂದ್ರೆ ಮುಂದಿನ ಗಾಡಿ ಕಳಿಸಿ."

ಭಾವ ಇಳಿಯಲಿಲ್ಲ. ಗಾಡಿ ಕಳಿಸುವ ಲಕ್ಷಣವೂ ಕಾಣಲಿಲ್ಲ. ಆಗ ವೈರಿಂಗ್ ಮೇಜಿನ ಹಿಂದಿನಿಂದ ಗಂಡ ಎದ್ದ. ಸೊಂಟ ಹಿಡಿದುಕೊಂಡು, ಹಲ್ಲು ಕಚ್ಚಿ, ರಿಪೇರಿಗೆಂದು ಬಂದು ಬಾಗಿಲಲ್ಲಿ ನಿಂತಿದ್ದ ಹಳದಿ ವ್ಯಾನಿನೊಳಗೆ ತೂರಿ ಕೂತು, ಅಣ್ಣನ ಪಕ್ಕದಲ್ಲೇ ಹಾಯಿಸಿಕೊಂಡು ಬಂದು ಗುಂಡಿಯ ಮೇಲೆ ನಿಲ್ಲಿಸಿದ.

"ಏನಂತೆ ಇದಕ್ಕೆ?" ಎಂದು ಗ್ರೀಸಕ್ಕ ತಲೆ ತಗ್ಗಿಸಿ ಕೆಳಗಿನಿಂದ ಕೇಳಿದಳು.

"ಗೊತ್ತಿಲ್ಲ," ಎಂದ ಗಂಡ. "ನೀನೇ ನೋಡಿ ಹೇಳ್ಬೇಕು."