ಫ್ಯಾಮಿಲಿ ರೂಮಿನಿಂದ ಕೇಳಿದ ಪ್ರಶ್ನೆಗಳು

ಸಿಂಧನೂರಿನ ಒಂದು ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕೂತು ನಾನು ಕಂಪ್ಯೂಟರಿನ ಬಗ್ಗೆ ಕೂಗಿ ಕೂಗಿ ಪ್ರಶ್ನೆ ಕೇಳಿದ್ದೇನೆ ಅಂದರೆ ಈಗಿನ ಹುಡುಗಿಯರು ನಗುತ್ತಾರೆ. ನಗಲಿ. ಫ್ಯಾಮಿಲಿ ರೂಮು ಅಂದರೆ ರೂಮೇನೂ ಅಲ್ಲ, ಹೆಣ್ಣುಮಕ್ಕಳು ಗಂಡಸರ ಕಣ್ಣಿಗೆ ಬೀಳದೆ ತಿನ್ನಲಿ ಅಂತ ಮೂಲೆಯಲ್ಲಿ ಪ್ಲೈವುಡ್ ನಿಲ್ಲಿಸಿ ಮುಂದೆ ಪರದೆ ಬಿಟ್ಟ ಗೂಡು. ಬಂದವರೆಲ್ಲ ಕೈ ಒರೆಸಿ ಆ ಪರದೆ ಜಿಡ್ಡುಗಟ್ಟಿತ್ತು. ಒಳಗೆ ನಾನು ಮತ್ತು ನನ್ನ ಮಾವ. ಹೊರಗೆ ಉದ್ದ ಟೇಬಲ್ಲಿನ ಸುತ್ತ ಏಳೆಂಟು ಗಂಡಸರು, ಅವರ ಮುಂದೆ ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಹಾ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಜೀಪು ಕಾಲುವೆಗೆ ಉರುಳಿ ನನ್ನ ಗಂಡ ಹೋದ ಮೇಲೆ, ಮಸ್ಕಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಾವ ನನಗೊಂದು ಕಂಪ್ಯೂಟರು, ಪ್ರಿಂಟರು ಹಾಕಿಸಿಕೊಟ್ಟಿದ್ದರು. ಮದುವೆಗೆ ಮುಂಚೆಯೇ ಟೈಪಿಂಗ್ ಕಲಿತವಳು ನಾನು. ಶಾಲೆಗಳ ಪ್ರಶ್ನೆಪತ್ರಿಕೆ, ಕಚೇರಿಗೆ ಕೊಡುವ ಅರ್ಜಿ ಎಲ್ಲ ಮಾಡಿಕೊಡುತ್ತಿದ್ದೆ. ಆ ಕೋಣೆ ನಡೆಯುವವರೆಗೆ ಆ ಮನೆಯಲ್ಲಿ ನಾನೊಬ್ಬ ಮನುಷ್ಯಳು. ಅದು ನಿಂತರೆ ಕೋಣೆ ಮೈದುನನ ಗೊಬ್ಬರದ ಅಂಗಡಿಗೆ, ನಾನು ಒಲೆಯ ಮುಂದಕ್ಕೆ. ಅತ್ತೆ ಇದನ್ನು ಸುತ್ತಿ ಬಳಸಿ ಹೇಳಿರಲಿಲ್ಲ, ನೆಟ್ಟಗೇ ಹೇಳಿದ್ದರು.

ನಾನು ಬಳಸುತ್ತಿದ್ದ ಕನ್ನಡ ಟೈಪಿಂಗಿನ ಪ್ರೋಗ್ರಾಮನ್ನು ಬರೆದವರು ಲಿಂಗಸುಗೂರಿನ ಒಬ್ಬ ಕಾಲೇಜು ಮಾಸ್ತರರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಫ್ಲಾಪಿಯಲ್ಲಿ ಪ್ರೋಗ್ರಾಮಿನ ಜೊತೆ ಅದರ ಒಳಗಿನ ಕೋಡನ್ನೂ ಹಾಕಿ ಹಂಚುತ್ತಿದ್ದರು. "ಓದ್ರಿ, ತಿದ್ರಿ, ಮತ್ತೊಬ್ರಿಗೆ ಕೊಡ್ರಿ. ಇದು ನಂದಲ್ಲ, ಎಲ್ಲಾರ್ದು" ಅನ್ನುತ್ತಿದ್ದರು. ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂತ ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಟೈಪಿಂಗ್ ಅಂಗಡಿಯವರೆಲ್ಲ ತಗೊಂಡರು. ತಗೊಂಡ ಮೇಲೆ, ಅದರಲ್ಲೂ ಮಾಸ್ತರರು ತಿದ್ದಿದ ಹೊಸ ಫ್ಲಾಪಿ ಬಂದಾಗಲೆಲ್ಲ, ತಕರಾರು ಶುರುವಾದವು. ಕೆಟ್ಟರೆ ಯಾರನ್ನು ಕೇಳಬೇಕು, ಎಲ್ಲಿ ಕೇಳಬೇಕು ಅನ್ನುವುದನ್ನು ತೀರ್ಮಾನ ಮಾಡಲು ಮಾಸ್ತರರು ಎಲ್ಲರನ್ನೂ ಮನೆಗೆ ಕರೆದರು.

ಮಾವನ ಜೊತೆ ನಾನೂ ಹೋದೆ. ಪಡಸಾಲೆಯಲ್ಲಿ ಗಂಡಸರು, ಅಡುಗೆಮನೆಯ ಬಾಗಿಲಲ್ಲಿ ನಾನು.

"ನಮ್ಮ ಮನಿ ಫೋನ್ ಮಾತ್ರ ಬ್ಯಾಡ್ರಿಪಾ, ಊಟಕ್ಕ ಕುಂದ್ರಾಕ ಬಿಡಂಗಿಲ್ಲ ನೀವು" ಅಂದರು ಮಾಸ್ತರರು. ಸಿಂಧನೂರಿನ ಡಿಟಿಪಿ ಅಂಗಡಿಯವನು ಇಂಟರ್ನೆಟ್ಟಿನ ಮಾತು ತೆಗೆದ. ಅದಿದ್ದದ್ದು ಅವನೊಬ್ಬನ ಹತ್ತಿರ, ಅದೂ ಎಸ್‌ಟಿಡಿ ಹಚ್ಚಿ ಕಾಯ್ದು ಕೂತರೆ. ಆಗ ನಾನು ಬಾಗಿಲಿನಿಂದಲೇ ಅಂದೆ: "ಕಾಗದ ಬರೀತೀವ್ರಿ ಸರ್. ಉತ್ತರ ಒಂದ್ ಹಾಳಿ ಮ್ಯಾಲ ಬರದು, ಜೆರಾಕ್ಸ್ ಮಾಡ್ಸಿ, ಬಸ್ಸಿನ್ಯಾಗ ಕೊಟ್ಟು ಕಳಸ್ರಿ. ನಾಳೆ ಹೊಸದಾಗಿ ಬಂದವ್ರೂ ಓದಬೌದು."

"ಬಾಯಿಲೆ ಮುಗಿಯೂ ಕೆಲಸಕ್ಕ ಕಾಗದ ಯಾಕ್ರಿ ಅಕ್ಕೋರ?" ಅಂದ ಡಿಟಿಪಿಯವನು. "ಐತವಾರ ಸಿಂಧನೂರಾಗ ಕೂಡೋಣು. ಚಾ ಕುಡಕೋಂತ ಮಾತಾಡಿದ್ರ ಮುಗದ್ಹೋತು."

"ಹಂಗಾದ್ರ ಮಸ್ಕ್ಯಾಗರ ಕೂಡ್ರಿ. ಎಲ್ಲಾರಿಗೂ ನಡುವೆ ಐತಿ" ಅಂದೆ ನಾನು.

"ಮಸ್ಕ್ಯಾಗ ಅಂಥಾ ಹೋಟೆಲ್ ಎಲ್ಲೈತ್ರಿ?"

ಎಲ್ಲರೂ ನಕ್ಕರು. ಅಲ್ಲಿಗೆ ತೀರ್ಮಾನವಾಯಿತು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ. ಕೆಟ್ಟ ಮನಸ್ಸಿದ್ದಿದ್ದರೆ ಬೈದಾದರೂ ಬರಬಹುದಿತ್ತು. ಬಸ್ಸಿನಲ್ಲಿ ಮಾವ ಅಂದರು: "ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂದಂಗಾತು. ಇರ್ಲಿ ಬಿಡವಾ, ನಾ ಕರ್ಕೊಂಡು ಹೋಗ್ತೀನಿ."

ಹಾಗೇ ಭಾನುವಾರ ಸಿಂಧನೂರಿಗೆ ಕರೆದುಕೊಂಡು ಹೋದರು. ವಿಧವೆಯಾದ ಸೊಸೆ ಗಂಡಸರ ಟೇಬಲ್ಲಿಗೆ ಕೂಡುವುದುಂಟೇ? ಹೋಟೆಲಿನ ಮಾಲೀಕನೇ ಎದ್ದು ಬಂದು, "ನಿಮಗ ಫ್ಯಾಮಿಲಿ ರೂಮ್ ಐತ್ರಿ ಅಕ್ಕೋರ" ಅಂತ ಭಾರೀ ಮರ್ಯಾದೆಯಿಂದ ಪರದೆ ಎತ್ತಿದ. ಒಳಗಿನಿಂದ ನಾನು ಕೂಗಿದೆ: "ಸರ್, ಹೊಸಾ ಫ್ಲಾಪಿ ಹಾಕಿದ ಮ್ಯಾಲ ಪ್ರಿಂಟರ್ ಅರ್ಧ ಹಾಳಿಗೆ ನಿಂದರತೈತ್ರಿ!" ಬಾಯಲ್ಲಿ ಮಿರ್ಚಿ ಇಟ್ಟುಕೊಂಡವರೂ ಪರದೆಯ ಕಡೆ ತಿರುಗಿದ್ದು ನನಗೆ ಸಂದಿಯಲ್ಲಿ ಕಂಡಿತು. ನಾಚಿಕೆಯಿಂದ ಸತ್ತೇ ಹೋದೆ.

ಆಮೇಲೆ ಮಾವನೇ ಓಡಾಡಿದರು. ಹೊರಗೆ ಹೋಗಿ, "ನಮ್ಮ ಮಷೀನು ಅರ್ಧಕ್ಕ ಮಲಗತೈತಂತ್ರಿ" ಅನ್ನುವರು. ಜೀವಮಾನವೆಲ್ಲ ಎತ್ತು ಹೂಡಿದವರು, ಮಲಗುವುದು ಏಳುವುದೇ ಅವರ ಭಾಷೆ. ಹುಡುಗರು, "ಅಜ್ಜಾರ, ಎರಡ್ ಬಾರಿಕೋಲ್ ಹಾಕ್ರಿ, ಏಳತೈತಿ" ಅಂತ ಚೇಷ್ಟೆ ಮಾಡುವರು. ಮಾವನೂ ನಗುವರು. ಕೊನೆಗೆ ಮಾಸ್ತರರೇ ಕುರ್ಚಿ ಎಳೆದುಕೊಂಡು ಬಂದು, ಪರದೆಗೆ ಬೆನ್ನು ಮಾಡಿ ಕೂತು, ಕೋಡಿನಲ್ಲಿ ಎಲ್ಲಿ ನೋಡಬೇಕು ಅಂತ ತಿಳಿಯುವ ಹಾಗೆ ಹೇಳುವರು. ಮನೆಗೆ ಬಂದು ನಾನು ಅದನ್ನೇ ಹುಡುಕಿ ತಿದ್ದುತ್ತಿದ್ದೆ. ಪ್ರಿಂಟರು ಮತ್ತೆ ಕರಕರ ಅಂದರೆ, ಪಡಸಾಲೆಯಿಂದ ಮಾವ, "ಎದ್ದತೇನವಾ?" ಅನ್ನುವರು. "ಎದ್ದತ್ರಿ ಮಾವ!" ಅಷ್ಟು ಸಂತೋಷ ನನಗೆ ಆ ಮನೆಯಲ್ಲಿ ಮತ್ತೆ ಸಿಕ್ಕಿಲ್ಲ.

ಮುಂದಿನ ಚಳಿಗಾಲದಲ್ಲಿ ಮಾವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಹೋಯಿತು. ಅದೇ ತಿಂಗಳು ಮತ್ತೊಂದು ಹೊಸ ಫ್ಲಾಪಿ ಬಂತು, ಅದರ ಜೊತೆ ಮತ್ತೊಂದು ಹೊಸ ತಕರಾರು. ಶಾಲೆಯವರು ಪ್ರಶ್ನೆಪತ್ರಿಕೆ ತಂದು ಕಾಯುತ್ತಿದ್ದಾರೆ, ನನ್ನ ಪ್ರಿಂಟರಿನಲ್ಲಿ ಬರೀ ಬಿಳಿ ಹಾಳೆ ಬರುತ್ತಿದೆ. ಒಬ್ಬಳೇ ಹೋಗಿಬರುತ್ತೇನೆ ಅಂದೆ. "ಗಂಡ ಇಲ್ಲದಾಕಿ ಐತವಾರಕ್ಕೊಮ್ಮೆ ಹೋಟೆಲಿಗೆ ಹೋಗ್ತಾಳಂದ್ರ ಮಂದಿ ಬಾಯಿಗೆ ಬೀಗ ಹಾಕಾಕ ಬರ್ತದೇನು?" ಅಂದರು ಅತ್ತೆ. ಉತ್ತರವನ್ನು ಬರೆದು ಕಳಿಸಿ ಅಂತ ಮಾಸ್ತರರಿಗೆ ಕಾಗದ ಹಾಕಿದೆ. ಅವರು ಅದನ್ನು ಐತವಾರ ಎಲ್ಲರ ಮುಂದೆ ಓದಿದರಂತೆ. ಒಬ್ಬರಿಗೆ ಬರೆದರೆ ಎಲ್ಲರಿಗೂ ಬರೆಯಬೇಕಾಗುತ್ತದೆ ಅಂತ ಮಾತಾಯಿತಂತೆ. ಬಸ್ಸಿನ ಡ್ರೈವರ್ ಕೈಯಲ್ಲಿ ಹೇಳಿ ಕಳಿಸಿದರು: "ಬಾಗಲಾ ಎಲ್ಲಾರಿಗೂ ತೆರದೈತಿ. ಮನ್ಯಾಗ ಯಾರರ ಗಂಡಸರಿದ್ರ ಕಳಸ್ರಿ."

ಮನೆಯಲ್ಲಿ ಗಂಡಸು ಅಂದರೆ ಮೈದುನ. ಅವನಿಗೆ ಕಂಪ್ಯೂಟರಿನ ಮುಖ ಯಾವುದು ಬೆನ್ನು ಯಾವುದು ಗೊತ್ತಿರಲಿಲ್ಲ. ಆದರೆ ಹೋದವನು ಅರಳಿಕೊಂಡು ಬಂದ. ಅವನಿಗೆ ಅಲ್ಲಿ ಕುರ್ಚಿ ಸಿಕ್ಕಿತ್ತು, ಚಹಾ ಸಿಕ್ಕಿತ್ತು, ಹೆಗಲ ಮೇಲೆ ಕೈ ಹಾಕುವ ಗೆಳೆಯರು ಸಿಕ್ಕಿದ್ದರು. ನನ್ನ ಪ್ರಶ್ನೆಗೆ ಉತ್ತರ ಮಾತ್ರ ಅರ್ಧಂಬರ್ಧ ಬಂತು. ಉಳಿದರ್ಧವನ್ನು ಕೋಡಿನೊಳಗೆ ಹುಡುಕುತ್ತ ಹುಡುಕುತ್ತ ನನಗೆ ಅದರ ಸಂದಿಗೊಂದಿ ಎಲ್ಲ ಗೊತ್ತಾದವು. ಪ್ರತಿ ಐತವಾರ ಮೈದುನ ತಪ್ಪದೆ ಹೋದ. ನಾನು ಮನೆಯಲ್ಲಿ ಹುಡುಕಿದ್ದನ್ನು ಅಲ್ಲಿ ಬಾಯಿಪಾಠ ಒಪ್ಪಿಸಿ ಬರುತ್ತಿದ್ದ. ಅವರು ಇವನನ್ನು ಭಾಳ ಶಾಣ್ಯಾ ಅಂದರು. ಇವನೂ ನಂಬಿದ. ಮೊದಲು ನನ್ನ ಪಕ್ಕ ಸ್ಟೂಲಿನ ಮೇಲೆ ಕೂಡುತ್ತಿದ್ದವನು ಆಮೇಲೆ ನನ್ನ ಕುರ್ಚಿಗೆ ಬಂದ. "ಮಾವಗ ಗಂಜಿ ಕುಡಿಸಾಕ ಯಾರದಾರ? ಮುಂದಿನ ಕೋಣಿ ಅವ ನೋಡ್ತಾನ ಬಿಡು" ಅಂತ ಅತ್ತೆ ನನ್ನನ್ನು ಒಳಗೆ ಕರೆದರು. ಹೋದೆ, ಮತ್ತೇನು ಮಾಡಲಿ?

ಮೈದುನ ದಿನಾ ಅಡುಗೆಮನೆಯ ಬಾಗಿಲಿಗೆ ಬಂದು, "ವೈನೀ, ಏನ್ ಒತ್ತಬೇಕು?" ಅಂತ ಮೆಲ್ಲಗೆ ಕೇಳುತ್ತಿದ್ದ. ಹೇಳುತ್ತಿದ್ದೆ. ಕೋಣೆಯಂತೂ ನಡೆಯುತ್ತಿದೆ, ಮಾವ ಎದ್ದು ಕೂತರೆ ಕುರ್ಚಿ ಮತ್ತೆ ನನ್ನದಾದೀತು ಅನ್ನುವ ಆಸೆ ನನಗೆ.

ಒಂದು ಐತವಾರ ಸಂಜೆ ಅವನು ಸಿಂಧನೂರಿನಿಂದ ಹೂವಿನ ಹಾರ ಹಾಕಿಸಿಕೊಂಡು ಬಂದ. "ಮಸ್ಕಿ ಕಡಿ ಮಂದಿಗೆ ಏನರ ತಕರಾರು ಬಂದ್ರ ಇನ್ ಮ್ಯಾಲ ನನ್ನ ಕೇಳಬೇಕಂತ, ವೈನಿ. ಎಲ್ಲಾರೂ ಕೈ ಎತ್ಯಾರ. ಮಾಸ್ತರ್ ಸೈತ."

ಹಾರವನ್ನು ಮಾವನ ಮಂಚದ ಕಾಲಿಗೆ ಸುತ್ತಿ ಕೈ ತೊಳೆಯಲು ಹೋದ. ಮಾವ ನನ್ನ ಮುಖ ನೋಡಿದರು. ಸೊಟ್ಟಗಾದ ಬಾಯಿಂದ ನೀರು ಇಳಿಯಿತು, ಒರೆಸಿದೆ.

ಮರುದಿನ ಶಾಲೆಯ ಹೆಡ್‌ಮಾಸ್ತರು ಮುಂದಿನ ಕೋಣೆಯಲ್ಲಿ ಕಾಯುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಮೈದುನ ಬಾಗಿಲಿಗೆ ಬಂದು ಸಣ್ಣ ದನಿಯಲ್ಲಿ, "ವೈನೀ, ಜಲ್ದಿ ಹೇಳ್ರಿ, ಮತ್ತ ನಿಂತೈತಿ. ಏನ್ ಒತ್ತಬೇಕು?" ಅಂದ.

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಕೋಣೆ ಉಳಿಯುತ್ತದೆ, ಹೇಳದಿದ್ದರೆ ಹೋಗುತ್ತದೆ. ಇದು ಗೊತ್ತಿದ್ದೇ ಅಂದೆ: "ಐತವಾರ ಸಿಂಧನೂರಾಗ ಕೇಳು."

ರೊಟ್ಟಿ ಬಡಿಯುವ ಸಪ್ಪಳ ನಾನು ನಿಲ್ಲಿಸಲಿಲ್ಲ. ಹೆಡ್‌ಮಾಸ್ತರು ತಮ್ಮ ಕಾಗದ ತಗೊಂಡು ಎದ್ದುಹೋದರು, ಮತ್ತೆ ಬರಲಿಲ್ಲ. ಉಳಿದ ಶಾಲೆಯವರೂ ಬರಲಿಲ್ಲ. ಮಳೆಗಾಲ ಹಿಡಿಯುವುದರೊಳಗೆ ಮೈದುನ ಮಷೀನನ್ನು ಮಾರಿ ಗೊಬ್ಬರ ತರಿಸಿದ. ನನ್ನ ಕುರ್ಚಿ ಇದ್ದ ಜಾಗದಲ್ಲಿ ಯೂರಿಯಾ ಚೀಲ ಒಟ್ಟಿದ ಹಮಾಲರಿಗೆ ಚಹಾ ಮಾಡಿಕೊಟ್ಟವಳೂ ನಾನೇ.