ದೋಣಿ ಮಾವನ ಪಂಜರದ ಮೀನುಗಳು

ಮೊನ್ನೆ ಕಾಲೇಜಿನ ಪ್ರಯೋಗಾಲಯದಲ್ಲಿ ಅಯೋಡಿನ್ ಬಾಟಲಿಯ ಮುಚ್ಚಳ ತೆಗೆದೆ. ಆ ಕಟು ವಾಸನೆ ಮೂಗಿಗೆ ಬಡಿದದ್ದೇ ತಡ, ಕಡಲ ಬದಿಯ ಕೋಡಿ ಎಂಬ ಊರಿನ, ಎಲ್ಲರೂ ‘ದೋಣಿ ಮಾವ’ ಎನ್ನುತ್ತಿದ್ದ ಆ ಹಿರಿಯರು ನೆನಪಾದರು...

ಆಗ ನಾನು ಸಂಶೋಧನಾ ವಿದ್ಯಾರ್ಥಿನಿ. ಹೊಳೆ ಕಡಲು ಸೇರುವ ಅಳಿವೆಯ ನೀರಿನಲ್ಲಿ ಬರಿಗಣ್ಣಿಗೆ ಕಾಣದ ಪಾಚಿ ಯಾವ ಕಾಲದಲ್ಲಿ ಎಷ್ಟು ಬೆಳೆಯುತ್ತದೆ ಎಂದು ನೋಡುವುದು ನನ್ನ ಕೆಲಸ. ತಿಂಗಳಿಗೊಮ್ಮೆ ಮಾವನೇ ದೋಣಿಯಲ್ಲಿ ಕರೆದೊಯ್ಯುತ್ತಿದ್ದರು. ನಾನು ಬಾಟಲಿಗೆ ನೀರು ತುಂಬಿ, ಪಾಚಿ ಕೆಡದಿರಲೆಂದು ಅಯೋಡಿನ್ ಹನಿಸುವಾಗ, ದೋಣಿ ಅಲುಗದಂತೆ ಬಿದಿರಿನ ಗಳ ಊರಿ ನಿಲ್ಲುತ್ತಿದ್ದರು. ಹೊಳೆಯ ಒಳಭಾಗದಲ್ಲಿ ಅವರ ಪಂಜರಗಳಿದ್ದವು. ಬಲೆಯ ಆ ಗೂಡುಗಳಲ್ಲಿ ಅವರು ಮೀನು ಸಾಕಿದ್ದರು. ದೋಣಿಯ ಅಂಚಿಗೆ ಎರಡು ಸಲ ತಟ್ಟಿದರೆ ಸಾಕು, ಮೀನುಗಳೆಲ್ಲ ಮೇಲೆ ಬರುತ್ತಿದ್ದವು.

ಆ ವರ್ಷ ಮಳೆ ಬೇಗ ನಿಂತಿತು. ಹೊಳೆಯ ಹರಿವು ಕುಗ್ಗಿತು. ಗದ್ದೆಗಳಿಂದ ಗೊಬ್ಬರದ ಸಾರ ಇಳಿದು ಬಂದಿತ್ತು, ಮೇಲೆ ಸುಡುಬಿಸಿಲು. ನಿಂತಂತಿದ್ದ ನೀರು ಹಸಿರಾಯಿತು. ಸೂಕ್ಷ್ಮದರ್ಶಕದಡಿ ಒಂದು ಹನಿ ಇಟ್ಟು ನೋಡಿದರೆ ಪಾಚಿ ಕಿಕ್ಕಿರಿದಿತ್ತು. ಇಷ್ಟಾದರೆ ಕತ್ತಲಾದ ಮೇಲೆ ಅದು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ ಎಂಬುದು ನನಗೆ ಗೊತ್ತಿತ್ತು.

ಮರುದಿನ ಬಸ್ ನಿಲ್ದಾಣದ ಬಳಿ ಮಾವ ಸಿಕ್ಕರು.

“ಹೊಳಿ ನೀರ್ ಹಸ್ರ್ ಆಯ್ತಲ್ಲ ಮಗಾ. ಎಂತಾರೂ ಗೊತ್ತಾಯ್ತಾ?”

“ಎಣ್ಸುದ್ ಮುಗಿಲಿಲ್ಲ ಮಾವ, ಬಪ್ಪ ವಾರ ಹೇಳ್ತೆ,” ಎಂದೆ. ಎಣಿಕೆ ತಪ್ಪಿದರೆ ಮಾರ್ಗದರ್ಶಕರ ಮುಂದೆ ಮುಖ ಹೋಗುತ್ತದೆಂಬ ಹೆದರಿಕೆ ನನ್ನದು.

ಮೂರನೇ ದಿನ ಬೆಳಿಗ್ಗೆ ಸುದ್ದಿ ಕೇಳಿ ಓಡಿದೆ. ಪಂಜರದ ತುಂಬ ಬಿಳಿ ಹೊಟ್ಟೆ ಮೇಲಾದ ಮೀನು. ಮಾವ ಅವನ್ನು ದೋಣಿಗೆ ತುಂಬಿ ದಡಕ್ಕೆ ತರುತ್ತಿದ್ದರು. ಅವರ ಹೆಂಡತಿ ಮರಳಿನಲ್ಲಿ ಗುಂಡಿ ತೋಡುತ್ತಿದ್ದರು. ತಡೆಯಲಾಗದೆ, ಅಂದು ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನೆಲ್ಲ ಹೇಳಿಬಿಟ್ಟೆ.

ಮಾವ ಕೈಯಲ್ಲಿದ್ದ ಮೀನನ್ನು ಮರಳಿನ ಮೇಲಿಟ್ಟರು. “ಅಂದೇ ಹೇಳಿರೆ ಪಂಜ್ರ ಅಳಿವಿ ಬದಿಗೆ ಎಳ್ಕಂಡ್ ಹೋಪ್ಕ್ ಆತಿತ್ತ್ ಮಗಾ... ಅಲ್ಲಿ ಕಡ್ಲ್ ನೀರ್ ಬಂದ್ ಹೋತಿತ್ತ್.”

ಅಷ್ಟೇ. ಬೈಯಲಿಲ್ಲ. ಅವರ ಹೆಂಡತಿ ತಲೆ ಎತ್ತಲೇ ಇಲ್ಲ.

ಮುಂದಿನ ತಿಂಗಳೂ ದೋಣಿ ತಂದರು. ಪಂಜರವಿದ್ದ ಜಾಗ ಬಂದಾಗ ಮುಖ ಆಚೆ ತಿರುಗಿಸಿದರು. ಮತ್ತೆ ಮೀನು ಸಾಕಲಿಲ್ಲ, ಬೇರೆಯವರ ಬೋಟಿಗೆ ಕೂಲಿಗೆ ಹೋದರು. ನನ್ನ ಪ್ರಬಂಧ ಮುಗಿಯುವ ಮೊದಲೇ ಕಡಲಿನಲ್ಲಿ ಎದೆನೋವು ಬಂದು ತೀರಿಕೊಂಡರು... ಆ ವಾರದ ಎಣಿಕೆ ಪ್ರಬಂಧದಲ್ಲಿ ಒಂದು ಪಟ್ಟಿಯಾಗಿದೆ. ಪರೀಕ್ಷಕರು ಬಹಳ ಮೆಚ್ಚಿದ ಪಟ್ಟಿ.

ಈಗ ನೀರಿನ ಬಣ್ಣ ತಿರುಗಿದ ದಿನವೇ ಪಂಜರ ಇಟ್ಟವರಿಗೆಲ್ಲ ಫೋನು ಮಾಡುತ್ತೇನೆ. ಸುಮ್ಮನೆ ಹೆದರಿಸುತ್ತೇನೆಂದು ಕೆಲವರು ಗೊಣಗುತ್ತಾರೆ. ಗೊಣಗಲಿ. ಆದರೆ ಕೋಡಿಗೆ ಹೋದಾಗ, ಮಾವನ ಹೆಂಡತಿ ಅಂಗಳದಲ್ಲಿ ಕೂತದ್ದು ದೂರದಿಂದ ಕಂಡರೆ, ಇಂದಿಗೂ ನಾನು ಬೇರೆ ದಾರಿ ಹಿಡಿಯುತ್ತೇನೆ.